ಮಾಳಿಗೆಯಿಂದ ಎಸೆದು ಆರಿಸಿದ ಸಾಮಾನು

ನಮ್ಮ ಮನೆಯೊಳಗೆ ಗರಡಿ ಹುಟ್ಟಿದ್ದು ಒಬ್ಬ ಮುದುಕನ ದವಡೆ ಮುರಿದದ್ದರಿಂದ. ತುಕ್ಕಾನಟ್ಟಿಯ ತಾಲೀಮಿನಲ್ಲಿ ಹುಡುಗರಿಗೆ ಕುಸ್ತಿ ಕಲಿಸುತ್ತಿದ್ದ ವಸ್ತಾದ ಒಂದು ಮುಂಜಾನೆ ನಮ್ಮಣ್ಣ ಶಿವಲಿಂಗನ ಬೆನ್ನು ತಟ್ಟಿ, ಈ ಹುಡುಗನ ಮೈ ಕುಸ್ತಿಗೆ ಒಗ್ಗುವುದಿಲ್ಲ, ಕುಂಟೆ ಹೊಡೆಯಲಿಕ್ಕೆ ಛಲೋ ಇದೆ ಎಂದು ನಕ್ಕನಂತೆ. ಬಾಗಿಲಲ್ಲಿ ನಿಂತಿದ್ದ ಅಪ್ಪ ಒಳಗೆ ಹೋಗಿ ಒಂದೇ ಏಟು ಕೊಟ್ಟ. ವಸ್ತಾದನ ಎರಡು ಹಲ್ಲು ಕೆಮ್ಮಣ್ಣಿನಲ್ಲಿ ಬಿದ್ದವು, ದವಡೆ ಒಂದು ಬದಿಗೆ ಜಾರಿತು. ಆ ಮುದುಕ ಸಾಯುವವರೆಗೂ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಂಡೇ ತಿಂದ. ಅಪ್ಪನ ಹೆಸರು ಹಿಡಿದು, ಇರಪ್ಪನ ಮನೆಯವರು ಇನ್ನು ತಾಲೀಮಿನ ಹೊಸ್ತಿಲು ತುಳಿಯಕೂಡದು ಎಂದು ಹಿರಿಯರು ಅಂದೇ ಹೇಳಿ ಕಳಿಸಿದರು. ಅಪ್ಪ ಮನೆಗೆ ಬಂದವನು ಬೆರಳಿನ ಗೆಣ್ಣಿಗೆ ಹತ್ತಿದ ರಕ್ತವನ್ನೂ ತೊಳೆಯದೆ, ದಂದಕ್ಕಿಯಿಂದ ಎತ್ತುಗಳನ್ನು ಬಿಚ್ಚಿ ಹೊರಗಿನ ಬೇವಿನ ಮರಕ್ಕೆ ಕಟ್ಟತೊಡಗಿದ. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಏನ್ ಮಾಡಾಕತ್ತೀರಿ?"

"ತಾಲೀಮ ಮಾಡಾಕತ್ತೇನಿ."

"ಮಳಿ ಬಂದ್ರ ಎತ್ತು ಎಲ್ಲಿ ನಿಲ್ಲಬೇಕ್ರಿ?"

"ಮಳ್ಯಾಗ."

ನಮ್ಮ ಕಡೆಯ ಮನೆಗಳಲ್ಲಿ ದನಕ್ಕೂ ಮನುಷ್ಯರಿಗೂ ಒಂದೇ ಸೂರು. ತಲೆಬಾಗಿಲು ದಾಟಿದರೆ ಕೆಳಗೆ ದನ ಕಟ್ಟುವ ದಂದಕ್ಕಿ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲಿ ದೇವರ ಜಗಲಿ. ಹೀಗಾಗಿ ದಂದಕ್ಕಿ ಗರಡಿಯಾದ ಮೇಲೆ ಅದು ಮನೆಯ ಒಂದು ಭಾಗವಾಗಿ ಉಳಿಯಲಿಲ್ಲ, ಮನೆಯೇ ಅದರ ಭಾಗವಾಯಿತು. ಅವ್ವ ರೊಟ್ಟಿ ಬಡಿಯುವ ಸದ್ದು, ಶಿವಣ್ಣ ನೆಲಕ್ಕೆ ಬೀಳುವ ಸದ್ದು, ಎರಡೂ ಒಂದರ ಹಿಂದೆ ಒಂದು ಕೇಳುತ್ತಿದ್ದವು. ಬೀಳುವ ಸದ್ದು ಸ್ವಲ್ಪ ಬೇರೆಯಾಗಿ ಕೇಳಿದರೆ ಅವ್ವನ ಕೈ ತಟ್ಟನೆ ನಿಲ್ಲುತ್ತಿತ್ತು. ಶಿವಣ್ಣ ಎದ್ದ ಎಂದು ತಿಳಿದ ಮೇಲೆಯೇ ಹೆಂಚಿನ ಮೇಲಿನ ರೊಟ್ಟಿ ತಿರುವಿ ಬೀಳುತ್ತಿತ್ತು. ನಮ್ಮ ಮನೆಯಲ್ಲಿ ಕರಕಲಾದ ರೊಟ್ಟಿ ತಿಂದ ದಿನಗಳು ಬಹಳ.

ಅಪ್ಪ ಒಂದು ಕಾಲಕ್ಕೆ ಹೆಸರು ಮಾಡಿದ ಪೈಲವಾನ. ಅಂಕಲಗಿಯ ಕುಸ್ತಿಯಲ್ಲಿ ಅವನ ಬಲಭುಜ ಕೀಲು ತಪ್ಪಿ, ಮತ್ತೆ ಸರಿಯಾಗಿ ಕೂಡಲಿಲ್ಲ. ಆ ಕೈ ಕಿವಿಯ ಮೇಲಕ್ಕೆ ಏಳುತ್ತಿರಲಿಲ್ಲ. ಹಣೆಗೆ ವಿಭೂತಿ ಹಚ್ಚಿಕೊಳ್ಳುವಾಗ ತಲೆಯನ್ನೇ ಕೈಗೆ ಬಗ್ಗಿಸುತ್ತಿದ್ದ. ಹೊತ್ತು ಹೊರಡುವ ಮೊದಲು ಮಿಂದು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತಾಗ ಅವನಷ್ಟು ಸಮಾಧಾನದ ಮುಖವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಎದ್ದು ಗೂಟದ ಮೇಲಿನ, ಎತ್ತು ಹೊಡೆಯುವ ಬಾರಕೋಲು ತೆಗೆದುಕೊಂಡು ದಂದಕ್ಕಿಗೆ ಇಳಿದರೆ ಅದೇ ಮುಖ ಬೇರೆಯಾಗುತ್ತಿತ್ತು. ತನ್ನ ಕೈಯಿಂದ ಆಗದೆ ಉಳಿದದ್ದನ್ನೆಲ್ಲ ಮಗನ ಮೈಯಿಂದ ಮಾಡಿಸಬೇಕು ಎಂಬುದೊಂದೇ ಅವನ ಹಟ. ಶಿವಣ್ಣನಿಗೆ ಆಗ ಹದಿನೈದು, ನನಗೆ ಅವನಿಗಿಂತ ನಾಲ್ಕು ಕಡಿಮೆ.

ಗರಡಿಗೆ ಸಾಮಾನು ಆರಿಸುವುದರಲ್ಲಿ ಅಪ್ಪ ಸೊಸೆಯನ್ನು ಆರಿಸುವವರಿಗಿಂತ ಬಿರುಸು. ಯಾವುದೇ ವಸ್ತು ಬರಲಿ, ಎರಡೇ ಪ್ರಶ್ನೆ: ಒಡೆಯುತ್ತದೆಯೇ? ಎಷ್ಟು ಕೆಲಸಕ್ಕೆ ಬರುತ್ತದೆ? ಒಂದೇ ಕೆಲಸಕ್ಕೆ ಬರುವ ಸಾಮಾನು ಕಾಲು ಕಳೆದುಕೊಂಡ ಎತ್ತಿನಂತೆ, ಕೂತು ಮೇವು ತಿನ್ನುತ್ತದೆ ಎನ್ನುತ್ತಿದ್ದ. ನಮ್ಮ ಊರಿನ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಕಾಲು ಬಿಡುವುದಿಲ್ಲ. ಅದಕ್ಕೆ ಹುಕ್ಕೇರಿಯ ಕಡೆಯಿಂದ ಮೂರು ಗಾಡಿ ಕೆಮ್ಮಣ್ಣು ತಂದ. ಅವ್ವ ಹಿಟ್ಟು ಸೋಸುವ ಸಾಣಿಗೆಯಲ್ಲಿ ಅದನ್ನು ಸೋಸಿ, ಮಜ್ಜಿಗೆ, ಎಣ್ಣೆ, ಅರಿಸಿನ ಕಲೆಸಿ ಹದ ಮಾಡಿದಳು. ಘಟಪ್ರಭೆಯ ಪಾತ್ರದಲ್ಲಿ ಒಂದಿಡೀ ದಿನ ಅಲೆದು, ನೂರಾರು ಕಲ್ಲು ಉರುಳಿಸಿ ನೋಡಿ, ಒಂದು ಕರಿಗುಂಡನ್ನು ಮನೆಗೆ ತಂದ. ಒಡ್ಡರ ಹತ್ತಿರ ಅದಕ್ಕೆ ಹಿಡಿ ಕೊರೆಸಿದ. ಎತ್ತಲಿಕ್ಕೆ ಅದೇ, ಹಗ್ಗ ಬಿಗಿದು ಕೊರಳಿಗೆ ತೂಗುಹಾಕಿ ಕುತ್ತಿಗೆ ಗಟ್ಟಿ ಮಾಡಲಿಕ್ಕೆ ಅದೇ, ಬಾಗಿಲು ಹಾಕಿದಾಗ ಒಳಗಿನಿಂದ ಒತ್ತಿಡಲಿಕ್ಕೂ ಅದೇ.

ಪರೀಕ್ಷೆ ನಡೆಯುತ್ತಿದ್ದದ್ದು ಮಾಳಿಗೆಯ ಮೇಲಿಂದ. ಅಪ್ಪ ಸಾಮಾನನ್ನು ಮೇಲೆ ಒಯ್ದು ಅಂಗಳದ ಹಾಸುಗಲ್ಲಿನ ಮೇಲೆ ಮೂರು ಸಲ ಎಸೆಯುತ್ತಿದ್ದ. ಉಳಿದರೆ ಒಳಗೆ, ಒಡೆದರೆ ಒಲೆಗೆ. ಗದೆಯಂತೆ ತಲೆಯ ಸುತ್ತ ತಿರುಗಿಸುವ ಕರೇಲದ ಜೋಡಿಯನ್ನು ಬಡಿಗೇರ ಕಾಳಪ್ಪ ಮೊದಲು ಮಾವಿನ ಕಟ್ಟಿಗೆಯಲ್ಲಿ ಮಾಡಿ, ಹಿಡಿಕೆಯನ್ನು ಬೇರೆ ಕೂಡಿಸಿ, ಎಣ್ಣೆ ಹಚ್ಚಿ ಮಿರಿಮಿರಿ ಮಿಂಚಿಸಿ ತಂದಿದ್ದ. ಮೊದಲ ಎಸೆತಕ್ಕೇ ಒಂದು ಸೀಳಿತು. ಹಾರಿದ ಚೆಕ್ಕೆ ಕಾಳಪ್ಪನ ಹುಬ್ಬಿಗೆ ಬಡಿದು ರಕ್ತ ಕಣ್ಣಿಗೆ ಇಳಿಯಿತು. ಅಪ್ಪ ಮಾಳಿಗೆಯ ಅಂಚಿನಲ್ಲಿ ನಿಂತೇ ಹೇಳಿದ:

"ಹುಡುಗನ ತಲಿ ಮ್ಯಾಲೆ ತಿರುಗೂವಾಗ ಹಿಂಗ ಸೀಳಿದ್ರ ಏನಾಗ್ತಿತ್ತು ಕಾಳಪ್ಪ? ನಿನ್ನ ಕಣ್ಣ ಉಳದಾವು, ಅವನ ಬುರುಡಿ ಉಳೀತಿರಲಿಲ್ಲ."

"ಗೌಡ್ರ, ಇದು ಸಾಮ ತೆಗಿಯೂ ಸಾಮಾನ್ರಿ, ಮಾಳಿಗಿಂದ ಒಗಿಯೂದಲ್ರಿ!"

"ಒಗದ್ರೂ ಉಳೀಬೇಕು. ಜಾಲಿ ಕಟಗಿ ತಗೋ. ಹೊಟ್ಟ್ಯಾಗಿನ ಕೆಂಪ ತಿರುಳ. ಹಿಡಿಕಿಗೆ ಜೋಡ ಇರಬಾರದು, ಒಂದ ತುಂಡಿನ್ಯಾಗ ತೆಗಿ."

ಕಾಳಪ್ಪ ಶಪಿಸುತ್ತ ಹೋದ, ಆದರೆ ಜಾಲಿಯ ತಿರುಳಿನಲ್ಲೇ ಮಾಡಿಕೊಂಡು ಬಂದ. ಮೂರು ಎಸೆತಕ್ಕೆ ಹಾಸುಗಲ್ಲು ಬಿರಿಯಿತು, ಕರೇಲಕ್ಕೆ ಗೀರು ಬಿತ್ತು ಅಷ್ಟೇ. ಅಪ್ಪ ಅಂದು ಬಡಿಗೇರನನ್ನು ತನ್ನ ಪಕ್ಕದಲ್ಲಿ ಕೂಡಿಸಿಕೊಂಡು ಊಟ ಮಾಡಿದ. ಆ ಕರೇಲ ತಿರುಗಿಸಿದ ಮೊದಲ ವಾರ ಶಿವಣ್ಣನಿಗೆ ಲೋಟ ಎತ್ತಲೂ ಆಗಲಿಲ್ಲ. ಅವ್ವ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಇಡುವುದನ್ನು ಅಪ್ಪ ಕಂಡರೆ ಇಬ್ಬರಿಗೂ ಬಾರಕೋಲು.

ಗುರಪ್ಪ ಕಾಕಾ ಅಪ್ಪನ ತಮ್ಮ. ಗೋಕಾವಿ ಪೇಟೆಯಲ್ಲಿ ಹತ್ತಿ ಅಂಡಿಗೆ ಹೊರುವ ಹಮಾಲ. ಎಂಟು ದಿನಕ್ಕೊಮ್ಮೆ ಮನೆಗೆ ಬಂದು, ಶಿವಣ್ಣನ ಜೋಡಿ ಕಣಕ್ಕಿಳಿದು ಕುಸ್ತಿ ಆಡಿಸುತ್ತಿದ್ದ. ಅವನು ಬಂದ ದಿನ ಮನೆಯಲ್ಲಿ ನಗು ಇರುತ್ತಿತ್ತು. ನನಗೆ ಕರದಂಟು ತರುತ್ತಿದ್ದ, ಅವ್ವನಿಗೆ ವೈನಿ ವೈನಿ ಎಂದು ಪೇಟೆಯ ಸುದ್ದಿ ಹೇಳುತ್ತಿದ್ದ. ಒಮ್ಮೆ ಬರುವಾಗ ಗಾಡಿಯಲ್ಲಿ ಒಂದು ಹೊಸ ಸಾಮಾನು ಹೇರಿಕೊಂಡು ಬಂದ: ಉದ್ದನೆಯ ಕಬ್ಬಿಣದ ಸಲಾಕೆ, ಎರಡು ತುದಿಗೆ ಎರಡು ಗಾಲಿ. ಗುಜರಿಯವನ ಹತ್ತಿರ ಸಿಕ್ಕಿತಂತೆ. ಪೇಟೆಯ ಸಾಹೇಬರು ಇಂಥದ್ದನ್ನೇ ಎತ್ತಿ ಮೈ ಮಾಡುತ್ತಾರೆ ಎಂದ. ಶಿವಣ್ಣ ಅದನ್ನು ಎದೆಯವರೆಗೆ ಎತ್ತಿ ನಿಂತಾಗ ಅವನ ಮುಖದಲ್ಲಿ ಗರಡಿ ಶುರುವಾದ ಮೇಲೆ ನಾನು ಕಾಣದಿದ್ದ ಒಂದು ಬೆಳಕು ಇತ್ತು. ಅಪ್ಪ ಹೊಲದಿಂದ ಬಂದು ನೋಡಿದ. ಗಾಲಿಯನ್ನು ಬೆರಳಿನಿಂದ ಬಡಿದು ಕಿವಿಗೊಟ್ಟ.

"ಎರಕದ್ದು. ಒಡೀತೈತಿ."

"ಒಡಿಯೂದಿಲ್ಲಣ್ಣ. ಕಬ್ಬಿಣ ಐತಿ ಅದು."

"ಮ್ಯಾಲೆ ಒಯ್ಯಿ."

ಕಾಕಾ ಒಯ್ಯಲಿಲ್ಲ. ಅಪ್ಪನೇ ಒಂದೊಂದೇ ಮೆಟ್ಟಿಲು ಎಳೆದುಕೊಂಡು ಹೋಗಿ ಎಸೆದ. ಗಾಲಿ ಗಡಿಗೆಯಂತೆ ಮೂರು ಹೋಳಾಯಿತು. ಒಡೆದ ಜಾಗದಲ್ಲಿ ಜೇನಿನ ಹಲ್ಲೆಯಂತೆ ತೂತು ತೂತು. ಅಪ್ಪ ಹೇಳಿದ್ದು ಖರೆಯಾಗಿತ್ತು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಕೆಳಗಿಳಿದು ಒಂದು ಹೋಳನ್ನು ಕಾಕಾನ ಕಾಲ ಮುಂದೆ ಒಗೆದು, ನೀನೂ ಇಂಥವನೇ, ಮೇಲೆ ಕಬ್ಬಿಣ ಒಳಗೆ ಟೊಳ್ಳು ಎಂದ. ಕಾಕಾ ಅಂಗಿ ಬಿಚ್ಚಿದ.

ಅವರು ಕಣಕ್ಕಿಳಿದಾಗ ಮಧ್ಯಾಹ್ನ. ಕುಸ್ತಿ ಅಂದರೆ ಮೊದಲು ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳಬೇಕು, ಕೈ ಕೊಡಬೇಕು. ಅವರು ಎರಡನ್ನೂ ಮಾಡಲಿಲ್ಲ. ಕಾಕಾ ಅಪ್ಪನ ಕೆಟ್ಟ ಭುಜವನ್ನೇ ಹಿಡಿದು ತಿರುವಿದ. ಅಪ್ಪ ಹೋರಿಯಂತೆ ಒದರಿ ಕಾಕಾನ ಕಿವಿ ಕಚ್ಚಿದ. ಕಂಬಕ್ಕೆ ಬಡಿದರು, ಗೋಡೆಗೆ ಬಡಿದರು, ನಾಗೊಂದಿಗೆಯ ಮೇಲಿನ ಗಡಿಗೆಗಳು ಉರುಳಿದವು. ಕೊನೆಗೆ ಅಪ್ಪ ತಮ್ಮನ ಎಡಗೈಯನ್ನು ತನ್ನ ತೊಡೆಯ ಮೇಲೆ ಅಡ್ಡ ಹಾಕಿಕೊಂಡು ಕೂತ. ಕಾಕಾ ಸೋತೆ ಎಂಬಂತೆ ನೆಲ ಬಡಿದದ್ದನ್ನು ನಾನು ನೋಡಿದೆ. ಶಿವಣ್ಣ ನೋಡಿದ. ಅಪ್ಪನೂ ನೋಡಿದ. ನೋಡಿಯೂ ಒತ್ತಿದ. ಹಸಿ ಕಬ್ಬು ಮುರಿದ ಹಾಗೆ ಸದ್ದು ಬಂತು, ಮೊಣಕೈ ಹಿಂದಕ್ಕೆ ಮಡಚಿತು.

ಆ ಕೈ ಮತ್ತೆ ನೆಟ್ಟಗಾಗಲಿಲ್ಲ. ಅಂಡಿಗೆ ಹೊರುವ ಕೆಲಸ ಹೋಯಿತು. ಕಾಕಾ ನಮ್ಮ ಪಡಸಾಲೆಯಲ್ಲೇ ಉಳಿದ. ಅಪ್ಪ ದಿನಾ ಸಂಜೆ ತಾನೇ ಎಣ್ಣೆ ಕಾಯಿಸಿ ಆ ಕೈಯನ್ನು ತಿಕ್ಕುತ್ತಿದ್ದ. ಕಾಕಾ ಸುಮ್ಮನೆ ತಿಕ್ಕಿಸಿಕೊಳ್ಳುತ್ತಿದ್ದ. ಮುರಿದವನೂ ತಿಕ್ಕುವವನೂ ಒಬ್ಬನೇ ಆಗಿರುವುದು ನನಗೆ ಆಗ ವಿಚಿತ್ರ ಅನ್ನಿಸಲಿಲ್ಲ. ಎಲ್ಲ ಮನೆಗಳೂ ಹೀಗೇ ಇರುತ್ತವೆ ಅಂದುಕೊಂಡಿದ್ದೆ.

ಕಾಕಾನ ಕೈ ಹೋದ ಮೇಲೆ ಶಿವಣ್ಣನಿಗೆ ಜೋಡಿ ಇಲ್ಲದಾಯಿತು. ಕಲ್ಲು, ಕರೇಲ, ತೊಲೆಗೆ ಕಟ್ಟಿದ ಹಗ್ಗ ಎಲ್ಲ ಇತ್ತು. ಹಿಡಿಯಲಿಕ್ಕೆ ಒಂದು ಮೈ ಇರಲಿಲ್ಲ. ಊರ ಹುಡುಗರು ನಮ್ಮ ಬಾಗಿಲಿಗೆ ಬರುತ್ತಿರಲಿಲ್ಲ. ಒಂದು ದಿನ ನಾನು ಎರಡು ತುಂಬಿದ ಕೊಡ ಹೊತ್ತು ಬಾವಿಯಿಂದ ಬಂದು, ಹಿಡಿ ಕೊರೆದ ಆ ಕರಿಗುಂಡು ಬಾಗಿಲಿಗೆ ಅಡ್ಡ ಇದ್ದದ್ದರಿಂದ ಕೊಡ ಇಳಿಸಿ, ಅದನ್ನು ಎತ್ತಿ ಬದಿಗಿಟ್ಟು ಒಳಗೆ ಹೋದೆ. ತಿರುಗಿ ನೋಡಿದರೆ ಅಪ್ಪ ನನ್ನ ಕಾಲುಗಳನ್ನು ನೋಡುತ್ತಿದ್ದ, ನದಿಯಲ್ಲಿ ಕಲ್ಲು ನೋಡಿದ ಹಾಗೆ.

"ನೀಲವ್ವ, ಬಾ ಇಲ್ಲಿ. ಅಣ್ಣನ ಮುಂದ ನಿಂದ್ರು."

ಅವ್ವ ಅಡುಗೆಮನೆಯಿಂದ ಓಡಿ ಬಂದಳು. "ಹೆಣ್ಣ ಕೂಸ್ರಿ ಅದು! ನಾಳೆ ಯಾರ ಮನಿಗೆ ಕೊಡೂದ್ರಿ ಅದನ್ನ?"

ಅಪ್ಪ ಕೈ ಬೀಸಿದ. ಅವ್ವನ ತುಟಿ ಒಡೆಯಿತು. ಅಷ್ಟರಿಂದ ಆ ಮಾತು ಮುಗಿಯಿತು. ಶಿವಣ್ಣನ ಹಳೆಯ ಚಡ್ಡಿ ತೊಟ್ಟು, ಕುಪ್ಪಸದ ಮೇಲೆ ಪಂಜೆ ಬಿಗಿದುಕೊಂಡು ನಾನು ಕಣಕ್ಕಿಳಿದೆ. ಅಪ್ಪ ನನಗೆ ಹೇಳಿದ್ದು ಒಂದೇ ಮಾತು:

"ನೀ ಬೀಳಾಕ ಇದ್ದಿ. ಗಟ್ಟಿ ನಿಂದ್ರು, ಆಮ್ಯಾಲೆ ಬೀಳು."

ಅಪ್ಪ ಅವ್ವನನ್ನೂ ಕಾಕಾನನ್ನೂ ಅಂಗಳಕ್ಕೆ ಕಳಿಸಿ ತಲೆಬಾಗಿಲು ಹಾಕುತ್ತಿದ್ದ; ಹಾಗೆ ಎರಡು ವರ್ಷ ಬಿದ್ದೆ. ದಿನಕ್ಕೆ ಎಷ್ಟು ಸಲ ಎಂದು ಎಣಿಸುವುದನ್ನು ಮೊದಲ ವಾರವೇ ಬಿಟ್ಟೆ. ಬೆನ್ನಿನ ಮೇಲೆ, ಪಕ್ಕೆಯ ಮೇಲೆ, ಒಮ್ಮೆ ಮುಖದ ಮೇಲೆ ಬಿದ್ದು ಮುಂದಿನ ಹಲ್ಲು ಅರ್ಧ ಹೋಯಿತು. ಎಡಗಿವಿ ತಿಕ್ಕಿ ತಿಕ್ಕಿ ಬಾತು, ಕೀವು ತುಂಬಿ, ಕಡೆಗೆ ಒಣಗಿದ ಅಂಜೂರದಂತೆ ಮುದುಡಿ ಗಟ್ಟಿಯಾಯಿತು. ಗಟ್ಟಿ ನಿಲ್ಲದಿದ್ದರೆ ನನಗೆ ಬಾರಕೋಲು. ಬೇಗ ಕೆಡವದಿದ್ದರೆ ಶಿವಣ್ಣನಿಗೆ. ಹೀಗಾಗಿ ನನ್ನ ಏಟು ತಪ್ಪಿಸಿಕೊಳ್ಳಬೇಕಾದರೆ ಅವನಿಗೆ ಏಟು ಬೀಳಬೇಕು, ಅವನು ತಪ್ಪಿಸಿಕೊಳ್ಳಬೇಕಾದರೆ ನಾನು ನೆಲಕ್ಕೆ ಬಡಿಸಿಕೊಳ್ಳಬೇಕು. ಮೊದಮೊದಲು ಅವನು ನನ್ನ ತಲೆಯ ಕೆಳಗೆ ಕೈ ಕೊಟ್ಟು ಮೆಲ್ಲಗೆ ಕೆಡವುತ್ತಿದ್ದ. ಅಪ್ಪ ಅದನ್ನು ಕಂಡುಹಿಡಿದು ಆ ಕೈಯ ಮೇಲೆ ಬಾರಿಸಿದ. ಆಮೇಲೆ ಕೈ ಕೊಡುವುದು ನಿಂತಿತು.

ಆದರೂ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆ ಎರಡು ವರ್ಷ ನಾನು ಸುಖವಾಗಿದ್ದೆ. ಅಲ್ಲಿಯವರೆಗೆ ನಮ್ಮ ಮನೆಯ ಹಾಲು, ತುಪ್ಪ, ಬದಾಮಿ ಶಿವಣ್ಣನ ಪಾಲಿಗೆ. ನನಗೂ ಅವ್ವನಿಗೂ ನುಚ್ಚು, ಮಜ್ಜಿಗೆ. ಕಣಕ್ಕಿಳಿದ ದಿನದಿಂದ ಅಪ್ಪ ನನ್ನ ತಾಟನ್ನು ಅಣ್ಣನ ತಾಟಿನ ಪಕ್ಕ ಇರಿಸಿದ. ಅಷ್ಟೇ ತುಪ್ಪ, ಅಷ್ಟೇ ಹಾಲು. ಅವ್ವ ಬೆರಗಾಗಿ ನೋಡಿದಾಗ, ಸಾಮಾನಿಗೆ ಎಣ್ಣೆ ಹಚ್ಚದಿದ್ದರೆ ಸೀಳುತ್ತದೆ ಎಂದ. ಸಾಮಾನು ಅಂದದ್ದು ನನಗೆ ನೋಯಲಿಲ್ಲ. ಆ ಮನೆಯಲ್ಲಿ ಅಪ್ಪ ಕಣ್ಣಿಟ್ಟು ಕಾಯುತ್ತಿದ್ದದ್ದು ಸಾಮಾನುಗಳನ್ನೇ. ನನ್ನ ತೊಡೆ ಗಟ್ಟಿಯಾದವು, ಉಸಿರು ಉದ್ದವಾಯಿತು. ಶಿವಣ್ಣನ ಮೈ ನನಗೆ ಓದಿದ ಪಾಠದ ಹಾಗೆ ಬಾಯಿಪಾಠವಾಯಿತು. ಪಟ್ಟು ಹಾಕುವ ಮೊದಲು ಅವನು ಒಂದು ಚಣ ಎಡಗಾಲಿನ ಮೇಲೆ ಪೂರಾ ಭಾರ ಬಿಡುತ್ತಿದ್ದ. ಅಪ್ಪನಿಗೆ ಅದು ಕಂಡಿರಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ.

ಹುಕ್ಕೇರಿಯಲ್ಲಿ ದೊಡ್ಡ ಕುಸ್ತಿ ಗೊತ್ತಾಯಿತು. ಶಿವಣ್ಣನ ಮೊದಲ ಕಣ. ಅದಕ್ಕೆ ಎಂಟು ದಿನ ಇರುವಾಗ, ಬಿಸಿಲು ಕಿಂಡಿಯಿಂದ ಕಣದ ನಡುವೆ ಬಿದ್ದಿದ್ದ ಹೊತ್ತಿನಲ್ಲಿ, ಅವನು ನನ್ನ ಕೊರಳಿಗೆ ಕೈ ಹಾಕಿದ. ಎಡಗಾಲು ಭಾರವಾಯಿತು. ನಾನು ಅದನ್ನು ಎಳೆದೆ. ಯಾಕೆ ಎಳೆದೆ ಎಂದು ಈ ವಯಸ್ಸಿನಲ್ಲೂ ಕೇಳಿಕೊಳ್ಳುತ್ತೇನೆ. ಗೆಲ್ಲಬೇಕೆಂದಲ್ಲ, ಗೊತ್ತಿದ್ದದ್ದು ಖರೆಯೋ ಸುಳ್ಳೋ ನೋಡಬೇಕಿತ್ತು. ಶಿವಣ್ಣ ಚಿತ್ತಾಗಿ ಬಿದ್ದ, ಎರಡೂ ಭುಜ ಮಣ್ಣಿಗೆ ಹತ್ತಿದವು. ನಾನು ಅವನ ಎದೆಯ ಮೇಲಿದ್ದೆ. ಅವನ ಕಣ್ಣಲ್ಲಿ ಮೊದಲು ನಗು ಬಂತು, ಆಮೇಲೆ ನನ್ನ ಹಿಂದೆ ಏನನ್ನೋ ನೋಡಿ ಆ ನಗು ಹೋಯಿತು.

ಅಪ್ಪ ಬಾರಕೋಲು ಬಿಟ್ಟು ಕರೇಲ ಹಿಡಿದಿದ್ದ. ನನ್ನನ್ನು ಜುಟ್ಟು ಹಿಡಿದು ಬದಿಗೆ ಎಸೆದ. ಎಡಗೈಯಿಂದಲೇ ಕರೇಲ ಬೀಸಿ ಶಿವಣ್ಣನ ತೊಡೆಗೆ, ಪಕ್ಕೆಗೆ, ಮತ್ತೆ ತೊಡೆಗೆ ಹೊಡೆಯತೊಡಗಿದ. ಜಾಲಿಯ ತಿರುಳು ಒಡೆಯುವಂಥದ್ದಲ್ಲ.

"ಹೆಣ್ಣ ಕೆಡವಿತೇನಲೇ ನಿನ್ನ! ಹುಕ್ಕೇರ್ಯಾಗ ಹತ್ತ ಹಳ್ಳಿ ಮುಂದ ಬೀಳಾಕ ಹೊಂಟಿಯೇನು? ಇಲ್ಲೇ ಸಾಯಿ!"

ಶಿವಣ್ಣ ಕೈ ಎತ್ತಲಿಲ್ಲ. ಓಡಲಿಲ್ಲ. ಮಂಡಿಯ ಮೇಲೆ ಎದ್ದು ಕೂತು, ಅಪ್ಪನ ಮುಖವನ್ನೇ ನೋಡುತ್ತ ಏಟು ತಿಂದ. ಅವ್ವ ಹೊರಗಿನಿಂದ ಬಾಗಿಲು ಬಡಿಯುತ್ತಿದ್ದಳು. ಒಳಗಿನಿಂದ ಕಲ್ಲು ಒತ್ತಿತ್ತು. ಕಾಕಾ ಒಂದೇ ಕೈಯಿಂದ ಬಾಗಿಲು ದಬ್ಬುತ್ತ, ಸಾಕು ಮಾಡಣ್ಣ, ಸಾಕು ಮಾಡು ಎಂದು ಅಳುತ್ತಿದ್ದ. ಒಂದು ಏಟಿಗೆ ಪಕ್ಕೆಯೊಳಗೆ ಏನೋ ಮುರಿದ ಸದ್ದು ಬಂತು. ಆ ಸದ್ದು ನನಗೆ ಗೊತ್ತಿತ್ತು. ಅಪ್ಪ ಮುಂದಿನ ಏಟಿಗೆ ಬಗ್ಗಿ ಕಾಲು ಅಗಲಿಸಿದ್ದ. ನಾನು ಹಿಂದಿನಿಂದ ಹೋಗಿ, ಅವನ ಸೊಂಟಕ್ಕೆ ತಲೆ ಒತ್ತಿ, ಮುಂದಿನ ಕಾಲನ್ನು ಎರಡೂ ಕೈಯಿಂದ ಅಪ್ಪಿ ಎತ್ತಿದೆ. ಅಷ್ಟು ದೊಡ್ಡ ಮೈ ಗಾಳಿಯಲ್ಲಿ ಇಷ್ಟು ಹಗುರ ಎಂದು ನಾನು ಎಣಿಸಿರಲಿಲ್ಲ. ಅಪ್ಪ ಎಡಭುಜ ಊರಿ ಕಲ್ಲಿನ ಅಂಚಿಗೆ ಬಿದ್ದ. ಕೊರಳಿನ ಎಲುಬು ಚರ್ಮದೊಳಗೆ ಕಟ್ಟಿಗೆಯಂತೆ ಎದ್ದು ನಿಂತಿತು.

ಕೊಲ್ಲುತ್ತಾನೆ ಎಂದುಕೊಂಡೆ. ಗೋಡೆಗೆ ಬೆನ್ನು ಹಚ್ಚಿ ನಿಂತೆ. ಅಪ್ಪ ಬಾಯಿಗೆ ಬಂದ ರಕ್ತ ಉಗುಳಿ, ಮಲಗಿದಲ್ಲೇ ಕುತ್ತಿಗೆ ತಿರುಗಿಸಿ ನನ್ನ ಪಾದಗಳನ್ನು ನೋಡಿದ. ಆಮೇಲೆ ಮಗನ ಕಡೆ ತಿರುಗಿದ.

"ಶಿವ್ಯಾ, ಆಕಿ ಕಾಲ ನೋಡಿದೇನಲೇ? ಹಂಗ ಇಡಬೇಕು ಕಾಲ."

ನಾನು ಕಲ್ಲು ಸರಿಸಿ ಬಾಗಿಲು ತೆಗೆದೆ. ಅವ್ವ ಒಳಗೆ ಬಂದು ಮೂವರನ್ನೂ ನೋಡಿದಳು. ಅರಿಸಿನ ಸುಣ್ಣ ಕಲೆಸಿ ತಂದು ಮೊದಲು ಮಗನಿಗೆ ಹಚ್ಚಿದಳು, ಆಮೇಲೆ ನನಗೆ, ಎಲ್ಲರಿಗಿಂತ ಕೊನೆಗೆ ಗಂಡನಿಗೆ.

ಹುಕ್ಕೇರಿಯ ಕುಸ್ತಿಗೆ ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ಶಿವಣ್ಣ ಎರಡು ತಿಂಗಳು ಹಾಸಿಗೆಯಲ್ಲಿದ್ದು, ಎದ್ದ ಮೇಲೆ ಮೂಡಲಗಿಯ ಬಾಜೂ ನಮ್ಮ ಸೋದರಮಾವನ ಊರಿಗೆ ಹೋಗಿ ಒಕ್ಕಲುತನಕ್ಕೆ ನಿಂತ. ಮತ್ತೆ ಲಂಗೋಟಿ ಕಟ್ಟಲಿಲ್ಲ. ಎರಡೂ ಭುಜ ಕೆಟ್ಟ ಅಪ್ಪನಿಗೆ ರುಮಾಲು ಸುತ್ತುವುದು ಅವ್ವನ ಕೆಲಸವಾಯಿತು. ಸುತ್ತುವಾಗ ಆಕೆ ಬೇಕೆಂದೇ ಬಿಗಿಯಾಗಿ ಎಳೆಯುತ್ತಿದ್ದಳು, ಅವನು ತಾಳಿಕೊಳ್ಳುತ್ತಿದ್ದ. ಅಪ್ಪ ನನ್ನನ್ನು ಮತ್ತೆ ಹೊಡೆಯಲಿಲ್ಲ, ಬೈಯಲಿಲ್ಲ; ಆದರೆ ನಾನು ಎದುರು ಬಂದಾಗ ಮುಖಕ್ಕಿಂತ ಮೊದಲು ಕಾಲು ನೋಡುವುದನ್ನು ಬಿಡಲಿಲ್ಲ. ಮರುವರ್ಷ ನನ್ನನ್ನು ಕಲ್ಲೋಳಿಗೆ ಕೊಟ್ಟರು. ಹೆಣ್ಣು ನೋಡಲು ಬಂದ ಅತ್ತೆ ನನ್ನ ಕಿವಿ ಕಂಡು ಕೇಳಿದ್ದಕ್ಕೆ, ಸಣ್ಣಾಕಿ ಇದ್ದಾಗ ಎಮ್ಮೆ ತುಳಿಯಿತು ಎಂದು ಅವ್ವ ಕಣ್ಣು ಮಿಟುಕಿಸದೆ ಹೇಳಿದಳು.

ಮೊದಲ ಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಶಿವಣ್ಣನೇ ಗಾಡಿ ಕಟ್ಟಿಕೊಂಡು ಬಂದ. ಅಪ್ಪನನ್ನು ಕೆಡವಿದ ದಿನದಿಂದ ಅವನು ನನ್ನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ. ದಾರಿಯಲ್ಲಿ ಎಳ್ಳಿನ ಹೊಲಗಳ ನಡುವೆ ಗಾಡಿ ನಿಧಾನವಾಯಿತು. ಅವನು ಎತ್ತುಗಳ ಬೆನ್ನನ್ನೇ ನೋಡುತ್ತ ಕೇಳಿದ:

"ಅವತ್ತ ನೀ ಅಪ್ಪನ್ನ ಯಾಕ ಕೆಡವಿದಿ ನೀಲಿ?"

"ನಿನ್ನ ಕೊಲ್ತಿದ್ದಲ್ಲಣ್ಣ."

"ಕೊಲ್ತಿರಲಿಲ್ಲ. ನಾ ಏಳಾಕತ್ತಿದ್ದೆ. ಮೂರ ವರ್ಷ ಅದಕ್ಕ ಕಾದಿದ್ದೆ ನಾ. ಅವನ್ನ ಕೆಡವೂದು ನಂದಿತ್ತು."

ಅವನ ಜೀವ ಉಳಿಸಿದೆ ಎಂದು ಒಂದಿಡೀ ವರ್ಷ ಒಳಗೊಳಗೇ ಬೀಗಿದ್ದೆ. ಅವನಿಂದ ಏನನ್ನು ಕಸಿದಿದ್ದೆ ಎಂಬುದು ಆ ಗಾಡಿಯಲ್ಲಿ ಕೂತಾಗ ತಿಳಿಯಿತು. ಮನೆಯ ಮುಂದೆ ಗಾಡಿ ನಿಂತಾಗ ಅವನು ಮೊದಲು ಜಿಗಿದು, ಬಳಸಿ ಬಂದು, ಇಳಿಯಲು ನನಗೆ ಕೈ ಕೊಟ್ಟ. ನನಗೆ ಆಸರೆ ಬೇಕಿರಲಿಲ್ಲ. ಆದರೂ ಆ ಕೈ ಹಿಡಿದು, ಮೈಯ ಪೂರಾ ಭಾರವನ್ನು ಅದರ ಮೇಲೆ ಬಿಟ್ಟು, ಮೆಲ್ಲಗೆ ಇಳಿದೆ.